ಕಾಲುವೆ ದಂಡೆಯ ಮೇಲೆ ಮೊದಲ ಐದು ಉಸಿರು

(ಜುಲೈ 25 ನೀರಿನಲ್ಲಿ ಮುಳುಗುವುದನ್ನು ತಡೆಯುವ ವಿಶ್ವ ದಿನ. ಆ ನೆಪದಲ್ಲಿ ಗಂಗಾವತಿಯಲ್ಲಿ ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು, ಮೇಷ್ಟ್ರುಗಳು, ಒಂದಷ್ಟು ರೈತರ ಮುಂದೆ ಆಡಿದ ಮಾತಿನ ಬರಹ ರೂಪ ಇದು. ಮಧ್ಯೆ ಕರೆಂಟ್ ಹೋಗಿ ಮೈಕ್ ಕೈಕೊಟ್ಟಿತು. ಹಿಂದೆ ಕೂತವರಿಗೆ ಅರ್ಧ ಕೇಳಿಸಲೇ ಇಲ್ಲವಂತೆ. ಅವರಿಗಾಗಿ ಬರೆದಿದ್ದೇನೆ. ಜನ ಕೇಳಿದ ಪ್ರಶ್ನೆಗಳನ್ನೂ ಬಂದ ಬಂದಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ತುಂಗಭದ್ರಾ ಡ್ಯಾಮಿನಿಂದ ಎಡದಂಡೆ ಕಾಲುವೆಗೆ ನೀರು ಬಿಟ್ಟಿದ್ದಾರೆ. ಮುನಿರಾಬಾದಿನಿಂದ ರಾಯಚೂರಿನ ತನಕ, 227 ಕಿಲೋಮೀಟರ್ ಉದ್ದಕ್ಕೂ ಇನ್ನು ಕೆಲವು ತಿಂಗಳು ನೀರು ಹರಿಯುತ್ತದೆ. ನಾಟಿ ಮಾಡುವವರಿಗೆ ಖುಷಿ. ನನಗೂ ಖುಷಿಯೇ, ನಾನೂ ಇದೇ ಭತ್ತದ ಅನ್ನ ಉಣ್ಣುವವಳು. ಆದರೆ ಮಕ್ಕಳ ಡಾಕ್ಟರಾಗಿ ಈ ತಿಂಗಳುಗಳಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಬಂದರೆ ಎದೆ ಝಲ್ ಎನ್ನುತ್ತದೆ.

ಇವತ್ತು ನಾನು ಹೇಳಬೇಕಾಗಿರುವುದು ಒಂದೇ ಮಾತು, ಉಳಿದದ್ದೆಲ್ಲ ಅದರ ವಿವರಣೆ. ನೀರಿಗೆ ಬಿದ್ದ ಮಗು ಬದುಕುತ್ತದೋ ಇಲ್ಲವೋ, ಬದುಕಿದರೆ ಹೇಗೆ ಬದುಕುತ್ತದೆ ಅನ್ನುವುದು ಬಹುಪಾಲು ದಂಡೆಯ ಮೇಲೇ ತೀರ್ಮಾನವಾಗುತ್ತದೆ. ಆಸ್ಪತ್ರೆಯಲ್ಲಿ ನಾವು ಮಾಡುವುದು ನೀವು ಉಳಿಸಿ ತಂದದ್ದನ್ನು ಕಾಪಾಡುವ ಕೆಲಸ. ಅಷ್ಟೇ.

ಮೊದಲು ಉಪ್ಪಿನ ವಿಷಯ ಮುಗಿಸಿಬಿಡೋಣ. 2022ರ ಸೆಪ್ಟೆಂಬರಿನಲ್ಲಿ ಬಳ್ಳಾರಿ ಸಮೀಪದ ಒಂದು ಹಳ್ಳಿಯಲ್ಲಿ ನೀರಲ್ಲಿ ಮುಳುಗಿ ತೀರಿಕೊಂಡ ಹುಡುಗನ ದೇಹವನ್ನು ಉಪ್ಪಿನಲ್ಲಿ ಹೂತು, ಜೀವ ಬರುತ್ತದೆ ಅಂತ ಗಂಟೆಗಟ್ಟಲೆ ಕಾದರು. 2023ರ ಕೊನೆಗೆ ಹಾವೇರಿ ಜಿಲ್ಲೆಯಲ್ಲೂ ಹೀಗೇ ಆಯಿತು. ಎರಡೂ ಪೇಪರಿನಲ್ಲಿ ಬಂದಿತ್ತು. ಕಾರಣ ಮೊಬೈಲಿನಲ್ಲಿ ಓಡಾಡುವ ಒಂದು ಮೆಸೇಜು. ಉಪ್ಪು ನೀರನ್ನು ಎಳೆಯುತ್ತದೆ, ಹೊಟ್ಟೆಯ ನೀರೆಲ್ಲ ಹೊರಗೆ ಬರುತ್ತದೆ, ಮಗು ಎದ್ದು ಕೂರುತ್ತದೆ ಅಂತ. ಶುದ್ಧ ಸುಳ್ಳು. ಆ ತಂದೆ ತಾಯಿಯನ್ನು ನೋಡಿ ನಗುವವರನ್ನು ಕಂಡರೆ ಮಾತ್ರ ನನಗೆ ಸಿಟ್ಟು ಬರುತ್ತದೆ. ಮಗು ಕಣ್ಣ ಮುಂದೆ ಮಲಗಿದೆ, ಏನು ಮಾಡಬೇಕು ಅಂತ ಯಾರೂ ಯಾವತ್ತೂ ಹೇಳಿಕೊಟ್ಟಿಲ್ಲ, ಕೈಯಲ್ಲಿರುವ ಮೊಬೈಲ್ ಒಂದು ದಾರಿ ಹೇಳುತ್ತಿದೆ. ಅವರು ಅದನ್ನು ಮಾಡಿದರು. ಸರಿಯಾದದ್ದನ್ನು ನಾವು ಮೊದಲೇ ಹೇಳಿದ್ದರೆ ಅದನ್ನೇ ಮಾಡುತ್ತಿದ್ದರು, ಅಲ್ವಾ?

ಮಗುವನ್ನು ತಲೆಕೆಳಗು ಮಾಡಿ ಕಾಲು ಹಿಡಿದು ಗರಗರ ತಿರುಗಿಸುವುದನ್ನು ನಿಮ್ಮಲ್ಲಿ ಸುಮಾರು ಜನ ನೋಡಿರುತ್ತೀರಿ. ಹೊಟ್ಟೆ ಒತ್ತುವುದನ್ನೂ ನೋಡಿರುತ್ತೀರಿ. ಎರಡೂ ತಪ್ಪು. ಆದರೆ ಇದು ನಮ್ಮ ಹಳ್ಳಿಯವರದೇ ಮೂಢನಂಬಿಕೆ ಅಂತ ತಿಳಿಯಬೇಡಿ. ಮುಳುಗಿದವರನ್ನು ಬದುಕಿಸಲೆಂದೇ 1767ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಒಂದು ಸಂಘ ಶುರುವಾಯಿತು. ಆ ಕಾಲದ ಯುರೋಪಿನಲ್ಲಿ ತಲೆ ಕೆಳಗೆ ಮಾಡುವುದು, ಪೀಪಾಯಿ ಮೇಲೆ ಉರುಳಿಸುವುದು ಎಲ್ಲ ಇತ್ತು. ಗುದದ್ವಾರದಿಂದ ತಂಬಾಕಿನ ಹೊಗೆ ಊದುವುದೂ ಇತ್ತು, ನಗಬೇಡಿ, ನಿಜವಾಗಿಯೂ ಇತ್ತು. ಅದರ ಜೊತೆಗೇ ಬಾಯಿಂದ ಬಾಯಿಗೆ ಉಸಿರು ಊದುವ ಸಲಹೆಯೂ ಇತ್ತು. ಅದನ್ನು ಆಮೇಲೆ ಮರೆತರು. 1950ರ ದಶಕದಲ್ಲಿ ಜೇಮ್ಸ್ ಎಲಮ್ ಮತ್ತು ಪೀಟರ್ ಸಫಾರ್ ಅನ್ನುವ ವೈದ್ಯರು ಅದೇ ಸರಿ ಅಂತ ಮತ್ತೆ ತೋರಿಸಿಕೊಟ್ಟರು. ಎದೆ ಒತ್ತಿ ರಕ್ತ ಓಡಾಡಿಸುವ ವಿಧಾನ 1960ರಲ್ಲಿ ಬಂತು.

ಸರಿ, ಮುಳುಗಿದಾಗ ಒಳಗೆ ಏನಾಗುತ್ತದೆ?

ಮಗು ಮೊದಲು ಉಸಿರು ಬಿಗಿ ಹಿಡಿಯುತ್ತದೆ. ಕೂಗುವುದಿಲ್ಲ. ಇದನ್ನು ನೆನಪಿಡಿ, ಮುಳುಗುವ ಮಗು ಸಿನಿಮಾದಲ್ಲಿ ತೋರಿಸುವ ಹಾಗೆ ಕೈ ಬೀಸಿ ಕಾಪಾಡಿ ಕಾಪಾಡಿ ಅನ್ನುವುದಿಲ್ಲ, ಬಾಯಿ ನೀರಿನ ಮಟ್ಟದಲ್ಲಿ ಇರುವಾಗ ಕೂಗುವುದಕ್ಕೆ ಗಾಳಿ ಎಲ್ಲಿಂದ ಬರಬೇಕು? ಹತ್ತು ಮಾರು ದೂರದಲ್ಲಿ ಬಟ್ಟೆ ಒಗೆಯುತ್ತಿದ್ದ ತಾಯಿಗೆ ಒಂದು ಸದ್ದೂ ಕೇಳಿಸಿರುವುದಿಲ್ಲ. ಆಮೇಲೆ ಬೈಗುಳ ತಿನ್ನುವವಳೂ ಅವಳೇ. ಉಸಿರು ಹಿಡಿಯಲಾರದೆ ಹೋದಾಗ ನೀರು ಒಳಗೆ ಹೋಗುತ್ತದೆ. ಗಂಟಲು ಬಿಗಿದುಕೊಳ್ಳುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತಾ ಹೋಗುತ್ತದೆ, ಮಗು ಎಚ್ಚರ ತಪ್ಪುತ್ತದೆ, ಉಸಿರಾಟ ನಿಲ್ಲುತ್ತದೆ. ಹೃದಯ ಇನ್ನೂ ಬಡಿಯುತ್ತಿರುತ್ತದೆ. ಅದು ನಿಧಾನವಾಗಿ ನಿಲ್ಲುವುದು ಆಮೇಲೆ.

ಉಸಿರು ನಿಂತು ಹೃದಯ ಇನ್ನೂ ನಿಲ್ಲದ ಆ ಸ್ವಲ್ಪ ಹೊತ್ತು ಇದೆಯಲ್ಲ, ಎಲ್ಲ ಇರುವುದು ಅಲ್ಲೇ. ಬ್ರೆಜಿಲ್ ದೇಶದ ವೈದ್ಯ ಡೇವಿಡ್ ಸ್ಪಿಲ್ಮನ್ ಅಲ್ಲಿನ ಸಮುದ್ರ ತೀರದಲ್ಲಿ ನೀರಿನಿಂದ ಎತ್ತಿದ 1,831 ಜನರ ದಾಖಲೆ ಇಟ್ಟುಕೊಂಡು 1997ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಬರೀ ಕೆಮ್ಮುತ್ತಿದ್ದವರು ಯಾರೂ ಸಾಯಲಿಲ್ಲ. ಉಸಿರು ನಿಂತಿದ್ದು ಹೃದಯ ಬಡಿಯುತ್ತಿದ್ದವರಲ್ಲಿ ಸತ್ತವರು ನೂರಕ್ಕೆ 44. ಹೃದಯವೂ ನಿಂತವರಲ್ಲಿ ನೂರಕ್ಕೆ 93. ನಲವತ್ತನಾಲ್ಕಕ್ಕೂ ತೊಂಬತ್ತಮೂರಕ್ಕೂ ನಡುವೆ ಇರುವುದು ಯಾವ ಯಂತ್ರವೂ ಅಲ್ಲ, ಕೆಲವೇ ನಿಮಿಷ. ಆ ನಿಮಿಷಗಳಲ್ಲಿ ಮಗುವಿನ ಹತ್ತಿರ ಇರುವವರು ನೀವು, ನಾನಲ್ಲ.

ಇಲ್ಲಿ ಒಬ್ಬ ಮೇಷ್ಟ್ರು ಎದ್ದು ಕೇಳಿದರು. "ಮೇಡಂ, ಬಾಯಿಂದ ಊದೋದು ಬೇಡ, ಬರೀ ಎದೆ ಒತ್ತಿದ್ರ ಸಾಕು ಅಂತ ಟ್ರೇನಿಂಗಿನ್ಯಾಗ ಹೇಳಿದ್ರಲ್ರೀ?" ಒಳ್ಳೆಯ ಪ್ರಶ್ನೆ. ಆ ಮಾತು ಹಾರ್ಟ್ ಅಟ್ಯಾಕ್ ಆಗಿ ದಿಢೀರ್ ಕುಸಿದು ಬಿದ್ದ ದೊಡ್ಡವರಿಗೆ ಸರಿ. ಅವರ ರಕ್ತದಲ್ಲಿ ಆಮ್ಲಜನಕ ಇನ್ನೂ ಇರುತ್ತದೆ, ಓಡಾಡಿಸಿದರೆ ಮೊದಲ ಕೆಲವು ನಿಮಿಷಕ್ಕೆ ಸಾಕು. ಮುಳುಗಿದ ಮಗುವಿನ ರಕ್ತದಲ್ಲಿ ಅದು ಖಾಲಿಯಾಗಿದೆ. ಖಾಲಿ ರಕ್ತವನ್ನು ಎಷ್ಟು ಓಡಾಡಿಸಿದರೇನು? ಅದಕ್ಕೇ ಮೊದಲು ಉಸಿರು, ಆಮೇಲೆ ಒತ್ತುವುದು. ಯುರೋಪಿನ ಮಾರ್ಗಸೂಚಿ ಮೊದಲು ಐದು ಉಸಿರು ಕೊಡಿ ಅನ್ನುತ್ತದೆ, ಅಮೆರಿಕದ್ದು ಎರಡು ಅನ್ನುತ್ತದೆ. ಮೊದಲ ಒಂದೆರಡು ಸಲ ಹೊಸಬರಿಗೆ ಸರಿಯಾಗಿ ಊದಲು ಬರುವುದಿಲ್ಲವಾದ್ದರಿಂದ ನಾನು ಐದರ ಪಕ್ಷ.

ಈಗ ಗೊಂಬೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಬರೆಯುತ್ತೇನೆ. ಓದಿದರೆ ಸಾಲದು, ಕೈಯಿಂದ ಮಾಡಿ ಕಲಿಯಬೇಕು, ಆದರೂ ಬರೆಯುತ್ತೇನೆ.

ಮಗುವನ್ನು ಎತ್ತಿದಿರಿ. ಏರಿಯ ಮೇಲೆ ಸಮತಟ್ಟಾದ ಗಟ್ಟಿ ನೆಲದಲ್ಲಿ ಅಂಗಾತ ಮಲಗಿಸಿ. ಇಳಿಜಾರಿನಲ್ಲಿ ಬೇಡ, ಯಾರದೋ ತೊಡೆಯ ಮೇಲೂ ಬೇಡ. ಭುಜ ತಟ್ಟಿ ಹೆಸರು ಹಿಡಿದು ಕೂಗಿ. ಎದೆ ಏಳುತ್ತಿದೆಯಾ ನೋಡಿ, ಹತ್ತು ಎಣಿಸುವುದರೊಳಗೆ. ಏಳುತ್ತಿಲ್ಲ ಅಥವಾ ಆಗೊಮ್ಮೆ ಈಗೊಮ್ಮೆ ತೇಕುತ್ತಿದೆ ಅಂದರೆ ಉಸಿರಾಟ ಇಲ್ಲ ಅಂತಲೇ ಲೆಕ್ಕ. ಒಂದು ಕೈ ಹಣೆಯ ಮೇಲೆ, ಇನ್ನೊಂದು ಕೈಯ ಎರಡು ಬೆರಳು ಗದ್ದದ ಎಲುಬಿನ ಕೆಳಗೆ. ತಲೆ ಸ್ವಲ್ಪ ಹಿಂದಕ್ಕೆ, ಗದ್ದ ಮೇಲಕ್ಕೆ. ಹಸುಗೂಸಾದರೆ ತಲೆ ಹಿಂದೆ ಬಾಗಿಸಬೇಡಿ, ನೇರ ಇದ್ದರೆ ಸಾಕು. ಮೂಗು ಹಿಡಿದು, ಮಗುವಿನ ಬಾಯಿ ಪೂರ್ತಿ ಮುಚ್ಚುವಂತೆ ನಿಮ್ಮ ಬಾಯಿ ಇಟ್ಟು, ಒಂದು ಸೆಕೆಂಡ್ ಊದಿ. ಹಸುಗೂಸಿಗೆ ಬಾಯಿ ಮೂಗು ಎರಡನ್ನೂ ಸೇರಿಸಿ ಮುಚ್ಚಬೇಕು. ಊದುವಾಗ ಓರೆಗಣ್ಣಿನಿಂದ ಎದೆ ನೋಡಿ. ಎದೆ ಎದ್ದರೆ ಉಸಿರು ಹೋಯಿತು. ಏಳದಿದ್ದರೆ ತಲೆಯ ಕೋನ ಸರಿಯಿಲ್ಲ, ಸರಿಮಾಡಿ ಮತ್ತೆ ಊದಿ. ಐದು ಸಲ.

ಐದಾದ ಮೇಲೂ ಮಗು ಕೆಮ್ಮಲಿಲ್ಲ, ಅಲುಗಲಿಲ್ಲ, ಉಸಿರಾಡಲಿಲ್ಲ ಅಂದರೆ ಎದೆ ಒತ್ತಲು ಶುರು ಮಾಡಿ. ಎದೆ ಎಲುಬಿನ ಕೆಳ ಅರ್ಧಭಾಗದ ಮೇಲೆ ಅಂಗೈಯ ಬುಡ ಇಟ್ಟು ಒತ್ತಿ. ಸಣ್ಣ ಮಗುವಿಗೆ ಒಂದು ಕೈ ಸಾಕು, ದೊಡ್ಡ ಹುಡುಗನಿಗೆ ಎರಡು ಕೈ, ಹಸುಗೂಸಿಗೆ ಎರಡು ಹೆಬ್ಬೆರಳು. ಎದೆಯ ದಪ್ಪದ ಮೂರನೇ ಒಂದು ಭಾಗ ಒಳಕ್ಕೆ ಇಳಿಯಬೇಕು, ಅಂದರೆ ಹಸುಗೂಸಿಗೆ ಸುಮಾರು 4 ಸೆಂಟಿಮೀಟರ್, ದೊಡ್ಡ ಮಕ್ಕಳಿಗೆ 5. ನಿಮಿಷಕ್ಕೆ 100ರಿಂದ 120ರ ವೇಗ. 30 ಸಲ ಒತ್ತಿ, 2 ಉಸಿರು. ಮತ್ತೆ 30, ಮತ್ತೆ 2. ಎಲುಬು ಮುರಿದೀತು ಅಂತ ಮೆಲ್ಲಗೆ ಒತ್ತುವವರೇ ಜಾಸ್ತಿ. ಮೆಲ್ಲಗೆ ಒತ್ತಿದರೆ ರಕ್ತ ಓಡುವುದಿಲ್ಲ.

ಇನ್ನೊಬ್ಬರು ಇದ್ದರೆ ಅವರು 108ಕ್ಕೆ ಫೋನ್ ಮಾಡಲಿ. ನೀವೊಬ್ಬರೇ ಇದ್ದರೆ ಫೋನಿನ ಸ್ಪೀಕರ್ ಹಾಕಿ ಪಕ್ಕಕ್ಕಿಟ್ಟು ಕೆಲಸ ಮುಂದುವರಿಸಿ. ಫೋನೇ ಇಲ್ಲ ಅಂದರೆ ಒಂದು ನಿಮಿಷ ಇದೆಲ್ಲ ಮಾಡಿ ಆಮೇಲೆ ಜನರನ್ನು ಕರೆಯಲು ಓಡಿ.

ಎರಡು ವಿಷಯ ನಿಮ್ಮನ್ನು ಹೆದರಿಸುತ್ತವೆ, ಮೊದಲೇ ಹೇಳಿಬಿಡುತ್ತೇನೆ. ಒಂದು ನೊರೆ. ಬಾಯಿ ಮೂಗಿನಿಂದ ಬಿಳಿ ನೊರೆ, ಕೆಲವೊಮ್ಮೆ ನಸುಗೆಂಪು ನೊರೆ ಉಕ್ಕಿ ಬರುತ್ತಲೇ ಇರುತ್ತದೆ. ನಮ್ಮ ಶ್ವಾಸಕೋಶದ ಗಾಳಿಚೀಲಗಳ ಒಳಗೆ ಸಾಬೂನಿನ ನೀರಿನಂಥ ಒಂದು ತೆಳು ಪದರ ಇದೆ, ಚೀಲ ಅಂಟಿಕೊಳ್ಳದೆ ಬಿಚ್ಚಿರುವಂತೆ ನೋಡಿಕೊಳ್ಳುವುದು ಅದರ ಕೆಲಸ. ನೀರು ಅದನ್ನು ತೊಳೆದುಹಾಕುತ್ತದೆ, ಗಾಳಿ ಸೇರಿ ನೊರೆಯಾಗುತ್ತದೆ. ಒರೆಸುತ್ತಾ ಕೂತರೆ ಮುಗಿಯುವುದೇ ಇಲ್ಲ, ಅದರ ಮೇಲೆಯೇ ಊದಿ. ಇನ್ನೊಂದು ವಾಂತಿ. ಆಸ್ಟ್ರೇಲಿಯಾದಲ್ಲಿ 1988ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಮುಳುಗಿ, ಎದೆ ಒತ್ತಿಸಿಕೊಂಡು ಉಸಿರು ಪಡೆದವರಲ್ಲಿ ನೂರಕ್ಕೆ 86 ಜನ ವಾಂತಿ ಮಾಡಿಕೊಂಡರು. ನಿಮ್ಮ ಮಗುವೂ ಮಾಡುತ್ತದೆ ಅಂತಲೇ ತಿಳಿಯಿರಿ. ಪಕ್ಕಕ್ಕೆ ಹೊರಳಿಸಿ, ಬೆರಳಿಗೆ ಸೆರಗೋ ಟವೆಲ್ಲೋ ಸುತ್ತಿ ಬಾಯಿ ಸ್ವಚ್ಛ ಮಾಡಿ, ಮತ್ತೆ ಅಂಗಾತ ಮಾಡಿ ಮುಂದುವರಿಸಿ. ಹೊಟ್ಟೆ ಒತ್ತಬೇಡಿ ಅನ್ನುವುದು ಇದಕ್ಕೇ. ಒತ್ತಿದರೆ ಹೊಟ್ಟೆಯಲ್ಲಿದ್ದದ್ದೆಲ್ಲ ಬಾಯಿಗೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ.

"ನೀರು ತೆಗೀಬೇಕಲ್ರೀ ಮತ್ತ?" ಅಂತ ಯಾರೋ ಹಿಂದಿನಿಂದ ಕೂಗಿದರು. ಆಸ್ಪತ್ರೆಯಲ್ಲೂ ಬಂಧುಗಳು ಮೊದಲು ಕೇಳುವುದು ಇದೇ, ನೀರು ತೆಗೆದ್ರಾ ಅಂತ. ತೆಗೆಯಲು ಅಲ್ಲಿ ಬಿಂದಿಗೆಗಟ್ಟಲೆ ನೀರು ಇರುವುದಿಲ್ಲ. ಶ್ವಾಸಕೋಶಕ್ಕೆ ಹೋಗುವುದು ಸಾಮಾನ್ಯವಾಗಿ ಕಡಿಮೆ ನೀರೇ, ಹೋದದ್ದೂ ಬೇಗ ರಕ್ತಕ್ಕೆ ಸೇರುತ್ತದೆ. ತೊಂದರೆ ಮಾಡುವುದು ನೀರಿನ ಪ್ರಮಾಣವಲ್ಲ, ಗಾಳಿಯಿಲ್ಲದೆ ಕಳೆದ ಹೊತ್ತು.

ಮಗುವಿನ ಬಾಯಿಗೆ ಬಾಯಿಡಲು ಹೇಸಿಗೆ, ರೋಗದ ಭಯ ಇದ್ದೇ ಇರುತ್ತದೆ. ಅದರಿಂದ ರೋಗ ಅಂಟುವ ಸಾಧ್ಯತೆ ತೀರಾ ಕಡಿಮೆ. ಇನ್ನು ಹೇಸಿಗೆಯ ಮಾತು. ನಮ್ಮೂರಿನ ಮಗು, ನಮ್ಮ ಶಾಲೆಯ ಮಗು. ಅಲ್ಲಿ ಜಾತಿ ಗೀತಿ ಅಂತ ಒಬ್ಬರ ಮುಖ ಒಬ್ಬರು ನೋಡುತ್ತಾ ನಿಂತರೆ ಅದಕ್ಕೆ ನನ್ನ ಹತ್ತಿರ ಔಷಧಿ ಇಲ್ಲ.

ಎತ್ತುವ ಮೊದಲಿನ ಮಾತೂ ಇದೆ. ಈಜು ಬಾರದವರು ಹಾರಬೇಡಿ. ಒಂದು ಮಗುವಿನ ಹಿಂದೆ ಅಕ್ಕ, ಅಕ್ಕನ ಹಿಂದೆ ಅವ್ವ ಹೋದ ಸುದ್ದಿಗಳನ್ನು ನಮ್ಮ ಮೂರೂ ಜಿಲ್ಲೆಯವರು ಓದಿ ಓದಿ ಸಾಕಾಗಿದ್ದಾರೆ. ಹಗ್ಗ, ಸೀರೆ, ಉದ್ದನೆಯ ಗಳ, ಮುಚ್ಚಳ ಬಿಗಿದ ಖಾಲಿ ಎಣ್ಣೆ ಕ್ಯಾನು, ಟ್ರ್ಯಾಕ್ಟರಿನ ಟ್ಯೂಬು, ಯಾವುದು ಸಿಕ್ಕರೆ ಅದನ್ನು ಎಸೆಯಿರಿ. ಕಾಲುವೆಯ ಗೋಡೆ ಓರೆಯಾಗಿದೆ, ಕಾಂಕ್ರೀಟು, ಮೇಲೆ ಪಾಚಿ. ಎಷ್ಟೇ ಗಟ್ಟಿಗನಾದರೂ ಹತ್ತಲು ಹಿಡಿತ ಸಿಗುವುದಿಲ್ಲ. ಕೃಷಿ ಹೊಂಡ ಇನ್ನೂ ಕಷ್ಟ. ನೀರು ಇಂಗಬಾರದು ಅಂತ ಹಾಸಿದ ಪ್ಲಾಸ್ಟಿಕ್ ಮೇಲೆ ಮಗುವಿನ ಪಾದ ಜಾರುತ್ತದೆ, ಮತ್ತೆ ಹತ್ತಲು ನೋಡುತ್ತದೆ, ಮತ್ತೆ ಜಾರುತ್ತದೆ, ನಡುವೆ ಆಳ ಮೂರು ಮೀಟರ್. ಹೊಂಡ ತೋಡಿಸಿದ ರೈತರು ಇಲ್ಲಿದ್ದೀರಿ. ಅಲ್ಲಲ್ಲಿ ಗಂಟು ಹಾಕಿದ ಹಗ್ಗಗಳನ್ನು ಗೂಟಕ್ಕೆ ಕಟ್ಟಿ ನಾಲ್ಕೂ ಕಡೆ ಒಳಕ್ಕೆ ಇಳಿಬಿಡಿ, ಖರ್ಚು ಏನೂ ಇಲ್ಲ. ಕೃಷಿ ಭಾಗ್ಯದಲ್ಲಿ ಈಗ ತಂತಿ ಬೇಲಿಯೂ ಸೇರಿದೆ, ಕೇಳಿ ಹಾಕಿಸಿಕೊಳ್ಳಿ.

ಮಗು ಉಸಿರಾಡಿತು. ಅತ್ತಿತು. ಎಲ್ಲರೂ ದೇವರೇ ಅಂದರು. ಮುಂದೇನು? ಒದ್ದೆ ಬಟ್ಟೆ ತೆಗೆದು ಒಣ ಬಟ್ಟೆ ಸುತ್ತಿ, ಮಂಪರಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಆಮ್ಲಜನಕ ಇರುವ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ಹತ್ತಿರದ್ದು ಅಂದೆ, ದೊಡ್ಡದು ಅನ್ನಲಿಲ್ಲ. ತಾಲ್ಲೂಕು ಆಸ್ಪತ್ರೆ ದಾಟಿ ನೇರ ಬಳ್ಳಾರಿಗೆ ಓಡುವವರಿದ್ದಾರೆ, ದಾರಿಯಲ್ಲಿ ಮಗು ನೀಲಿಯಾದರೆ ಕಾರಿನಲ್ಲಿ ಏನಿದೆ? ಮೊದಲು ಸ್ಥಿರ ಆಗಲಿ, ಆಮೇಲೆ ಕೊಪ್ಪಳವೋ ಬಳ್ಳಾರಿಯೋ ರಾಯಚೂರೋ ನೋಡೋಣ. ಬೈಕಿನಲ್ಲಿ ಹೆಗಲಿಗೆ ಹಾಕಿಕೊಂಡು ಹೋಗುವುದಂತೂ ಬೇಡವೇ ಬೇಡ, ಹೆಗಲ ಮೇಲೆ ಉಸಿರು ನಿಂತರೆ ಗೊತ್ತೂ ಆಗುವುದಿಲ್ಲ.

ಚೆನ್ನಾಗಿ ಮಾತಾಡುತ್ತಿರುವ ಮಗುವನ್ನೂ ಆರರಿಂದ ಎಂಟು ಗಂಟೆ ನಾವು ನೋಡಿಕೊಳ್ಳುತ್ತೇವೆ. ಕೆಮ್ಮು, ವೇಗದ ಉಸಿರು, ಮಂಪರು ಇದ್ದರೆ ಇನ್ನೂ ಜಾಸ್ತಿ. ಆ ಹೊತ್ತು ಚೆನ್ನಾಗಿ ಕಳೆದರೆ ನಿಶ್ಚಿಂತೆಯಿಂದ ಮನೆಗೆ ಹೋಗಬಹುದು. ವಾರದ ಹಿಂದೆ ಈಜಿ ಬಂದ ಮಗು ನಿದ್ದೆಯಲ್ಲೇ ಒಳಗೊಳಗೇ ಮುಳುಗಿ ಸಾಯುತ್ತದೆ ಅಂತ ಒಂದು ಮೆಸೇಜು ಬರುತ್ತದಲ್ಲ, ಅದನ್ನೂ ಉಪ್ಪಿನ ಮೆಸೇಜಿನ ಜೊತೆಗೇ ಅಳಿಸಿಬಿಡಿ.

ಇನ್ನು ಐಸಿಯು ಸೇರಿದ ಮಗುವಿನ ವಿಷಯ. ಶ್ವಾಸಕೋಶ ನಮ್ಮನ್ನು ಅಷ್ಟು ಕಾಡುವುದಿಲ್ಲ. ಒತ್ತಡದಿಂದ ಆಮ್ಲಜನಕ ಕೊಟ್ಟು, ಬೇಕಾದರೆ ವೆಂಟಿಲೇಟರಿಗೆ ಹಾಕಿದರೆ ಎಷ್ಟೋ ಮಕ್ಕಳ ಶ್ವಾಸಕೋಶ ಕೆಲವೇ ದಿನದಲ್ಲಿ ಸುಧಾರಿಸುತ್ತದೆ. ಸುಮ್ನೆ ಆ್ಯಂಟಿಬಯೋಟಿಕ್ ಸುರಿಯುವುದರಿಂದ, ಸ್ಟೀರಾಯ್ಡ್ ಕೊಡುವುದರಿಂದ ಲಾಭ ಕಂಡಿಲ್ಲ. ಕಾಡುವುದು ಮೆದುಳು. ಏಟು ತಿಂದ ಮೆದುಳಿಗೆ ಕೊಡುವ ಔಷಧಿ ಇನ್ನೂ ಬಂದಿಲ್ಲ, ಎರಡನೇ ಏಟು ಬೀಳದಂತೆ ಕಾಯುವುದೊಂದೇ ದಾರಿ. ಜ್ವರ ಬರಬಾರದು, ಫಿಟ್ಸ್ ಬರಬಾರದು, ಸಕ್ಕರೆ ಅಂಶ ಏರಬಾರದು ಇಳಿಯಬಾರದು, ಬಿಪಿ ಬೀಳಬಾರದು. ಮೈ ತಣ್ಣಗೆ ಮಾಡಿದರೆ ಮೆದುಳು ಉಳಿಯುತ್ತದೆ ಅಂತ ಒಂದು ಆಸೆ ಇತ್ತು. ಅಮೆರಿಕ ಮತ್ತು ಕೆನಡಾದ ಆಸ್ಪತ್ರೆಗಳು ಸೇರಿ ಪರೀಕ್ಷಿಸಿ 2015ರಲ್ಲಿ ಫಲಿತಾಂಶ ಕೊಟ್ಟವು. ಆಸ್ಪತ್ರೆಯ ಹೊರಗೆ ಹೃದಯ ನಿಂತ ಮಕ್ಕಳಲ್ಲಿ 33 ಡಿಗ್ರಿಗೆ ಇಳಿಸಿದ್ದಕ್ಕೂ ಮಾಮೂಲಿ ಶಾಖದಲ್ಲೇ ಇಟ್ಟಿದ್ದಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ.

"ಡಾಕ್ಟರಮ್ಮ, ಒಂದು ತಾಸು ನೀರಾಗಿದ್ದ ಹುಡುಗಿ ಬದುಕಿದ್ಲಂತ ಯೂಟ್ಯೂಬಿನ್ಯಾಗ ಐತಿ" ಅಂತ ಒಬ್ಬ ಹುಡುಗ ಹೇಳಿದ. ನಿಜ, ಅದು ಸುಳ್ಳಲ್ಲ. 1986ರಲ್ಲಿ ಅಮೆರಿಕದ ಯೂಟಾದಲ್ಲಿ ಎರಡೂವರೆ ವರ್ಷದ ಮಗುವೊಂದು ಹಳ್ಳಕ್ಕೆ ಬಿದ್ದು 66 ನಿಮಿಷ ನೀರಿನಡಿ ಇದ್ದು ಚೇತರಿಸಿಕೊಂಡಿತು. ಆ ನೀರಿನ ಶಾಖ 5 ಡಿಗ್ರಿ. ಪುಟ್ಟ ದೇಹ, ಕೊರೆಯುವ ನೀರು, ಮೆದುಳು ಆಮ್ಲಜನಕ ಮುಗಿಯುವ ಮೊದಲೇ ತಣ್ಣಗಾಗಿಬಿಟ್ಟಿತ್ತು. ನಮ್ಮ ತುಂಗಭದ್ರೆಯ ನೀರಿನಲ್ಲಿ ಆ ಭಾಗ್ಯ ಇಲ್ಲ. ತಣ್ಣನೆ ದೇಶದಲ್ಲೂ ಅದು ಅಪರೂಪವೇ. ಮುಳುಗಿ ಹೃದಯ ನಿಂತು ಮೈ ತಣ್ಣಗಾಗಿದ್ದ 160 ಮಕ್ಕಳ ದಾಖಲೆಯನ್ನು ನೆದರ್‌ಲ್ಯಾಂಡ್ಸ್ ವೈದ್ಯರು 2015ರಲ್ಲಿ ಪ್ರಕಟಿಸಿದರು. ಅದರಲ್ಲಿ 98 ಮಕ್ಕಳಿಗೆ ಅರ್ಧ ಗಂಟೆ ಪ್ರಯತ್ನಿಸಿದರೂ ಹೃದಯ ಶುರುವಾಗಿರಲಿಲ್ಲ. ಅವರಲ್ಲಿ 87 ಮಕ್ಕಳು ತೀರಿಕೊಂಡರು, ಉಳಿದ 11 ಮಕ್ಕಳೂ ತೀವ್ರವಾದ ಮೆದುಳಿನ ಹಾನಿಯಿಂದಲೇ ಉಳಿದರು. ನೀರಿನೊಳಗೆ ಐದಾರು ನಿಮಿಷಕ್ಕಿಂತ ಕಡಿಮೆ ಇದ್ದ ಮಕ್ಕಳಲ್ಲಿ ಹೆಚ್ಚಿನವರು ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ, ಹತ್ತು ದಾಟಿದರೆ ಅವಕಾಶ ಕುಸಿಯುತ್ತದೆ. ನಮ್ಮ ಕಡೆ ಎಷ್ಟು ಹೊತ್ತಾಯಿತು ಅಂತ ಕೇಳಿದರೆ ಎಲ್ಲರೂ ಎರಡು ನಿಮಿಷ ಅನ್ನುತ್ತಾರೆ. ದಯವಿಟ್ಟು ನಿಜ ಹೇಳಿ, ಯಾರನ್ನೂ ಬೈಯಲು ಕೇಳುತ್ತಿಲ್ಲ.

ಡಾಕ್ಟರುಗಳು ಏನೂ ಹೇಳುವುದಿಲ್ಲ, 72 ಗಂಟೆ ಆಗಲಿ ಅಂತಾರೆ, ಬಿಲ್ ಏರಿಸುತ್ತಾರೆ ಅನ್ನುವ ದೂರು ಗೊತ್ತಿದೆ. ಬಿಲ್ಲಿನ ವಿಷಯದಲ್ಲಿ ಕೆಲವು ಕಡೆ ದೂರು ಸರಿಯೂ ಇರಬಹುದು. ಗಂಟೆಯ ವಿಷಯದಲ್ಲಿ ಮಾತ್ರ ನಾವು ಆಟ ಆಡುತ್ತಿಲ್ಲ. ಮೊದಲ ದಿನ ಮೆದುಳು ಏನನ್ನೂ ಸರಿಯಾಗಿ ತೋರಿಸುವುದಿಲ್ಲ, ನಿದ್ದೆ ಔಷಧಿಯೂ ಓಡುತ್ತಿರುತ್ತದೆ. ಕಣ್ಣಿನ ಪಾಪೆ ಬೆಳಕಿಗೆ ಕುಗ್ಗುತ್ತದಾ, ಚಿವುಟಿದರೆ ಕೈ ಎಳೆದುಕೊಳ್ಳುತ್ತದಾ, ಇದು ಎರಡು ಮೂರು ದಿನದ ಹೊತ್ತಿಗೆ ಹೇಳುವ ಸುಳಿವು ಮೊದಲ ಗಂಟೆಯ ಸ್ಕ್ಯಾನಿಗಿಂತ ಎಷ್ಟೋ ಮೇಲು.

ಬಹುಪಾಲು ಜನ ಮಾತಾಡದ ಭಾಗಕ್ಕೆ ಬರುತ್ತೇನೆ. ಮಗು ಉಳಿಯಿತು, ಆದರೆ ಮೊದಲಿನ ಮಗು ಅಲ್ಲ. ಕಣ್ಣು ಬಿಡುತ್ತದೆ, ಅವ್ವನ ಕಡೆ ನೋಡುವುದಿಲ್ಲ. ಇದ್ದಕ್ಕಿದ್ದಂತೆ ಮೈಯೆಲ್ಲ ಬೆವರು, ಎದೆ ಬಡಿತ ಏರು, ಕೈಕಾಲು ಬಿಲ್ಲಾಗಿ ಸೆಟೆದುಕೊಳ್ಳುತ್ತವೆ, ಹಲ್ಲು ಕಚ್ಚುತ್ತದೆ. ಮನೆಯವರು ಗಾಳಿ ಸೋಕಿದೆ ಅಂತ ತಾಯಿತ ತರುತ್ತಾರೆ. ಕಟ್ಟಿ, ನನ್ನ ತಕರಾರಿಲ್ಲ. ಆದರೆ ಅದು ಮೆದುಳಿನ ಹಿಡಿತ ತಪ್ಪಿ ನರಗಳು ಮನಸ್ಸಿಗೆ ಬಂದಂತೆ ಓಡುವುದರಿಂದ ಆಗುವುದು, ಅದಕ್ಕೆ ಔಷಧಿ ಇದೆ, ವಾರಗಳು ಕಳೆದಂತೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ.

ಆಮೇಲೆ ನುಂಗುವ ಪಾಠ. ಆಹಾರ ಕೊಡುವ ನಳಿಕೆಯನ್ನು ಮೂಗಿನಲ್ಲಿ ಇಟ್ಟುಕೊಂಡೇ ಮನೆಗೆ ಹೋದ ಮಗುವಿಗೆ ಪ್ರೀತಿಯಿಂದ ಯಾರೋ ಒಂದು ಲೋಟ ನೀರು ಕುಡಿಸುತ್ತಾರೆ, ಎರಡು ದಿನಕ್ಕೆ ನ್ಯುಮೋನಿಯಾ. ನೀರು ಗಂಟಲಿನಲ್ಲಿ ಬೇಗ ಜಾರುತ್ತದೆ, ದುರ್ಬಲ ಗಂಟಲು ಅಷ್ಟರಲ್ಲಿ ಬಾಗಿಲು ಮುಚ್ಚಲಾರದು. ಆಸ್ಪತ್ರೆಯಲ್ಲಿ ನಾವು ತೋರಿಸಿಕೊಟ್ಟ ಮೇಲೆ, ಮಗುವನ್ನು ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಎದೆಯ ಕಡೆ ತಂದು, ಗಟ್ಟಿ ರಾಗಿ ಗಂಜಿಯನ್ನು ಅರ್ಧ ಚಮಚ ನಾಲಿಗೆಯ ಮಧ್ಯದಲ್ಲಿ ಇಡಬೇಕು. ಗಂಟಲಿನ ಮಣಿ ಮೇಲೆ ಹೋಗಿ ಕೆಳಗೆ ಬಂದದ್ದು ಕಂಡ ಮೇಲೆ ಮುಂದಿನ ಅರ್ಧ ಚಮಚ. ಒಂದು ಬಟ್ಟಲಿಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ನಾಟಿ ಕೂಲಿಗೆ ಹೋಗುವ ತಾಯಿಗೆ ದಿನಕ್ಕೆ ಐದು ಸಲ ಮುಕ್ಕಾಲು ಗಂಟೆ ಎಲ್ಲಿಂದ ಬರಬೇಕು ಅಂತ ನೀವು ಕೇಳಬಹುದು. ನನ್ನ ಹತ್ತಿರ ಉತ್ತರ ಇಲ್ಲ, ಅಜ್ಜಿಯರಿಗೂ ಅಕ್ಕಂದಿರಿಗೂ ಕಲಿಸಿ ಅಂತ ಮಾತ್ರ ಹೇಳುತ್ತೇನೆ. ಎಷ್ಟೋ ಮನೆಯಲ್ಲಿ ಅಜ್ಜಿಯೇ ಫಿಸಿಯೋಥೆರಪಿಸ್ಟ್. ಬಿಗಿದ ಕೀಲನ್ನು ದಿನಾ ಮೆಲ್ಲಗೆ ಬಿಡಿಸುವುದು, ಪಾದ ಮಡಚಿಕೊಳ್ಳದಂತೆ ಪಟ್ಟಿ ಕಟ್ಟುವುದು, ಇವು ದುಬಾರಿ ಇಂಜೆಕ್ಷನ್ನಿಗಿಂತ ಜಾಸ್ತಿ ಕೆಲಸ ಮಾಡುತ್ತವೆ. ಚೇತರಿಕೆಯ ಹೆಚ್ಚಿನ ಭಾಗ ಮೊದಲ ತಿಂಗಳುಗಳಲ್ಲಿ ಆಗುತ್ತದೆ. ಆಮೇಲೂ ನಿಲ್ಲುವುದಿಲ್ಲ, ನಿಧಾನವಾಗುತ್ತದೆ.

ಮಾತು ಬಾರದ, ಕೈಕಾಲು ಆಡಿಸದ ಮಗುವಿಗೆ ಏನೂ ತಿಳಿಯುವುದಿಲ್ಲ ಅಂತ ಅದರ ಎದುರೇ ಮಾತಾಡಬೇಡಿ. ಮುಳುಗಿ ಉಳಿದು ಚಲನೆ ಕಳೆದುಕೊಂಡ ಮಕ್ಕಳ ಮೆದುಳನ್ನು ಟೆಕ್ಸಾಸಿನ ಸಂಶೋಧಕರು ಎಂಆರ್‌ಐನಲ್ಲಿ ನೋಡಿದಾಗ ಹಾನಿ ಮುಖ್ಯವಾಗಿ ಕಂಡದ್ದು ಆಳದಲ್ಲಿರುವ, ಚಲನೆ ನಡೆಸುವ ಭಾಗಗಳಲ್ಲಿ. ಕೇಳುವ, ತಿಳಿಯುವ ಜಾಲಗಳು ಅದಕ್ಕೆ ಹೋಲಿಸಿದರೆ ಉಳಿದುಕೊಂಡಿದ್ದವು. ಎಲ್ಲ ಮಕ್ಕಳಲ್ಲೂ ಹೀಗೆ ಅಂತಲ್ಲ. ಆದರೂ ಹೆಸರು ಹಿಡಿದು ಮಾತಾಡಿಸಿ, ಕಣ್ಣು ಮಿಟುಕಿಸಿ ಹೌದು ಅನ್ನಲು ಕಲಿಸಿ, ಪ್ರಯತ್ನಕ್ಕೆ ದುಡ್ಡು ಬೇಕಿಲ್ಲ.

ದುಡ್ಡು ಕೇಳುವವರು ಬೇರೆ ಇದ್ದಾರೆ. ಸ್ಟೆಮ್ ಸೆಲ್, ಅಂದರೆ ಬೇರೆ ಜೀವಕೋಶಗಳಾಗಿ ಬೆಳೆಯಬಲ್ಲ ಮೂಲ ಜೀವಕೋಶ, ಚುಚ್ಚಿ ಮಗುವನ್ನು ನಡೆಸುತ್ತೇವೆ ಅನ್ನುವ ಜಾಹೀರಾತು ನೋಡಿ ಹೊಲ ಮಾರಬೇಡಿ. ನಮ್ಮ ದೇಶದ 2017ರ ಮಾರ್ಗಸೂಚಿ ರಕ್ತ ಸಂಬಂಧಿ ಕಾಯಿಲೆಗಳ ಮೂಳೆ ಮಜ್ಜೆ ಕಸಿಯಂಥದ್ದನ್ನು ಬಿಟ್ಟರೆ ಅದನ್ನು ಚಿಕಿತ್ಸೆಯಾಗಿ ಒಪ್ಪಿಲ್ಲ. ಅದರ ಬದಲು ಜಿಲ್ಲಾ ಆಸ್ಪತ್ರೆಯ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರ ಕೇಳಿ, ಅಂಗವಿಕಲರ ಗುರುತಿನ ಚೀಟಿ ಮಾಡಿಸಿ, ಪಿಂಚಣಿಗೆ ಅರ್ಜಿ ಹಾಕಿ.

ಮೇಷ್ಟ್ರುಗಳಿಗೆ ಒಂದು ಮಾತು. ಪೂರ್ತಿ ಚೇತರಿಸಿಕೊಂಡು ಶಾಲೆಗೆ ಬಂದ ಹುಡುಗ ಮಗ್ಗಿ ಮರೆತಿದ್ದರೆ, ಗಮನ ನಿಲ್ಲದಿದ್ದರೆ, ಸಣ್ಣದಕ್ಕೆ ಸಿಡುಕಿದರೆ ಸೋಮಾರಿ ಅನ್ನಬೇಡಿ. ನೀರಿನಡಿ ಕಳೆದ ನಿಮಿಷಗಳ ಲೆಕ್ಕ ಅಲ್ಲೂ ಬರುತ್ತದೆ.

ತಡೆಯುವ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಎರಡು ಮೂರು ವರ್ಷದ ಕೂಸಿಗೆ ಕಾಲುವೆಯೇ ಬೇಕಿಲ್ಲ, ಮುಚ್ಚಳ ಇಲ್ಲದ ಸಂಪು, ಬಚ್ಚಲಿನ ಬಕೀಟು ಸಾಕು. ವಾರಕ್ಕೊಮ್ಮೆ ನೀರು ಬಿಡುವ ಊರಲ್ಲಿ ಎಲ್ಲರ ಮನೆಯಲ್ಲೂ ತುಂಬಿಟ್ಟ ನೀರು ಇದೆ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಬೆಳಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ, ದೊಡ್ಡವರು ಕೆಲಸದಲ್ಲಿರುವ ಹೊತ್ತು, ಸಣ್ಣ ಮಕ್ಕಳನ್ನು ಒಂದೆಡೆ ಕೂಡಿಸಿ ನೋಡಿಕೊಂಡರು. ಅಲ್ಲಿಗೆ ಬಂದ ಮಕ್ಕಳಲ್ಲಿ ಮುಳುಗಿ ಸಾಯುವುದು ನೂರಕ್ಕೆ 80ರಷ್ಟು ಕಡಿಮೆಯಾಯಿತು. ನಮ್ಮಲ್ಲಿ ಉದ್ಯೋಗ ಖಾತ್ರಿಗೆ ಹೋಗುವವರ ಮಕ್ಕಳಿಗೆ ಕೂಸಿನ ಮನೆ ಇದೆ, ಅಂಗನವಾಡಿ ಇದೆ. ಅವು ನಾಟಿ ಮತ್ತು ಕೊಯ್ಲಿನ ಕಾಲದಲ್ಲಿ ಹೊತ್ತಿಗೆ ಸರಿಯಾಗಿ ತೆರೆದಿದ್ದರೆ ಊಟದ ಜೊತೆ ಜೀವವೂ ಉಳಿಯುತ್ತದೆ. ಆರು ದಾಟಿದ ಮಕ್ಕಳಿಗೆ ಈಜು ಕಲಿಸಿ. ಹಿಂದೆ ಬೆನ್ನಿಗೆ ಬೆಂಡು ಕಟ್ಟಿ ಬಾವಿಗೆ ಇಳಿಸುತ್ತಿದ್ದರು, ಹೆಣ್ಣುಮಕ್ಕಳನ್ನು ಮಾತ್ರ ದಂಡೆಯ ಮೇಲೇ ಕೂರಿಸುತ್ತಿದ್ದರು. ಅವರಿಗೂ ಕಲಿಸಿ.

ಕೊನೆಗೆ ಮುಂದಿನ ಸಾಲಿನ ಅಜ್ಜಿಯೊಬ್ಬರು ಕೈ ಎತ್ತಿದರು. "ಯವ್ವಾ, ನನಗ ದಮ್ಮು ಐತಿ. ನಾ ಊದಿದ್ರ ಸಾಕಾಕ್ಕೈತೇನು?" ಸಾಕಾಗುತ್ತದೆ ಅಜ್ಜಿ. ಹಸುಗೂಸಿಗೆ ಬೇಕಾಗುವುದು ಕೆನ್ನೆ ತುಂಬ ಗಾಳಿ ಅಷ್ಟೇ, ದೊಡ್ಡ ಮಗುವಿಗೆ ಎದೆ ಏಳುವಷ್ಟು. ಜಾಸ್ತಿ ಊದಿದರೆ ಗಾಳಿ ಹೊಟ್ಟೆಗೆ ಹೋಗಿ ವಾಂತಿ ಆಗುತ್ತದೆ, ಹಾಗಾಗಿ ಮೆಲ್ಲಗೆ ಊದುವವರೇ ಇಲ್ಲಿ ಒಳ್ಳೆಯವರು. ಸುಸ್ತಾಗುವುದು ಎದೆ ಒತ್ತುವಾಗ. ಆ ಕೆಲಸ ಪಕ್ಕದ ಹುಡುಗನಿಗೆ ಕೊಡಿ, ಎರಡು ನಿಮಿಷಕ್ಕೊಮ್ಮೆ ಅವನನ್ನೂ ಬದಲಾಯಿಸಿ. ಮಗು ಉಸಿರಾಡುವ ತನಕ ಅಥವಾ 108ರವರು ಬಂದು ನಾವು ನೋಡ್ಕೋತೀವಿ ಬಿಡ್ರಿ ಅನ್ನುವ ತನಕ ನಿಲ್ಲಿಸಬೇಡಿ.